ಮಂಗಳೂರಿನಲ್ಲಿ ಕುಡಿಯುವ ನೀರಿಗೆ ಆರ್‌ಒ ಬೇಕಾ, ಕ್ಯಾನ್ ತರಿಸುವುದಾ, ನಲ್ಲಿ ನೀರೇ ಸಾಕಾ?

ಬಿಜೈಯ ಅಮ್ಮ:

ನಮಸ್ಕಾರ ಎಲ್ಲರಿಗೂ. ಒಂಬತ್ತು ವರ್ಷ ಬೆಂಗಳೂರಿನಲ್ಲಿದ್ದು ಕಳೆದ ತಿಂಗಳು ಊರಿಗೆ ವಾಪಸ್ ಬಂದೆವು. ಬಿಜೈಯಲ್ಲಿ ಬಾಡಿಗೆ ಫ್ಲ್ಯಾಟ್. ಮನೆಯಲ್ಲಿ ನಾವಿಬ್ಬರು, ನಾಲ್ಕು ವರ್ಷದ ಮಗಳು, ಅತ್ತೆ. ಕುಡಿಯುವ ನೀರಿಗೆ ಎಂತ ಮಾಡುವುದು ಅಂತ ತಿಂಗಳಿಂದ ತೀರ್ಮಾನ ಆಗುತ್ತಿಲ್ಲ.

ಬೆಂಗಳೂರಿನಲ್ಲಿ ನಮ್ಮದು ಬೋರ್‌ವೆಲ್ ನೀರು. ಪಾತ್ರೆ ತೊಳೆದು ಕವುಚಿಟ್ಟರೆ ಬಿಳಿ ಕಲೆ, ಗೀಸರ್ ಬಿಚ್ಚಿದರೆ ಸುಣ್ಣದ ಪದರ. ಲವಣ ತೆಗೆಯುವ ಆರ್‌ಒ ಫಿಲ್ಟರ್ ಇಲ್ಲದೆ ಆಗುತ್ತಲೇ ಇರಲಿಲ್ಲ. ಆ ಮೆಷಿನ್ ಹಳೆಯದಾಗಿತ್ತು ಅಂತ ಅಲ್ಲೇ ಬಿಟ್ಟು ಬಂದೆವು. ಈಗ ಗಂಡ ಹೊಸ ಆರ್‌ಒ ಹಾಕಿಸೋಣ ಅನ್ನುತ್ತಾರೆ. ಅಕ್ಕಪಕ್ಕದ ಮನೆಯವರು 20 ಲೀಟರ್ ಕ್ಯಾನ್ ತರಿಸುತ್ತಾರೆ, ಒಂದಕ್ಕೆ 70 ರೂಪಾಯಿ. ಅತ್ತೆ ಮಾತ್ರ "ತುಂಬೆ ನೀರು ಕುಡಿದೇ ನನ್ನ ಮಕ್ಕಳು ದೊಡ್ಡವರಾದದ್ದು, ಕುದಿಸಿ ಕುಡಿದರೆ ಎಂತ ಆಗುತ್ತದೆ?" ಅಂತ ಕೇಳುತ್ತಾರೆ. ನನಗೂ ಅದೇ ಸರಿ ಅನಿಸುತ್ತಿತ್ತು, ನಿನ್ನೆಯವರೆಗೆ.

ನಿನ್ನೆ ಫಿಲ್ಟರ್ ಮಾರುವ ಒಬ್ಬ ಹುಡುಗ ಬಂದ. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನೇ ಬಾಟಲಿಯಲ್ಲಿ ತಂದಿದ್ದ ಆರ್‌ಒ ನೀರು. ಪ್ಲಗ್‌ಗೆ ಸಿಕ್ಕಿಸುವ ಒಂದು ಸಾಧನ ಇತ್ತು, ಅದರಿಂದ ನಾಲ್ಕು ಕಂಬಿಗಳು ಕೆಳಗೆ ಇಳಿದಿದ್ದವು, ಎರಡು ಒಂದು ಲೋಟಕ್ಕೆ, ಎರಡು ಇನ್ನೊಂದಕ್ಕೆ. ಸ್ವಿಚ್ ಹಾಕಿದ. ಎರಡು ನಿಮಿಷ ಆಗಿರಲಿಲ್ಲ, ನಮ್ಮ ನೀರು ಮೊದಲು ಹಳದಿಯಾಯಿತು, ಆಮೇಲೆ ಹಸಿರು ಬೆರೆತ ಕಂದು, ಮೇಲೆ ನೊರೆ, ತಳದಲ್ಲಿ ಚರಟ. ಅವನ ನೀರು ಹಾಗೇ ತಿಳಿಯಾಗಿತ್ತು. "ಇದನ್ನೇ ಅಕ್ಕ ನೀವು ಮಗುವಿಗೆ ಕುಡಿಸುತ್ತಿರುವುದು" ಅಂದ. ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಬಿಲ್ಡಿಂಗಿನ ವಿಷಯ ಹೇಳುತ್ತೇನೆ. ಪಾಲಿಕೆಯ ನೀರು ಕೆಳಗಿನ ಸಂಪ್‌ಗೆ ಬೀಳುತ್ತದೆ. ಸಾಲದಿದ್ದರೆ ಅದೇ ಸಂಪ್‌ಗೆ ಬೋರ್‌ವೆಲ್ ನೀರು ಬಿಡುತ್ತಾರೆ. ಏಪ್ರಿಲ್, ಮೇಯಲ್ಲಿ ಟ್ಯಾಂಕರ್ ಬರುತ್ತದಂತೆ. ಅಲ್ಲಿಂದ ಮೇಲಿನ ಟ್ಯಾಂಕಿಗೆ, ಟ್ಯಾಂಕಿಯಿಂದ ನಮ್ಮ ನಲ್ಲಿಗೆ. ಗೊತ್ತಿರುವವರು ದಯವಿಟ್ಟು ಹೇಳಿ. ಹಣ ಖರ್ಚು ಮಾಡಲು ಬೇಜಾರಿಲ್ಲ, ಆದರೆ ಬೇಕಾದ್ದಕ್ಕೆ ಮಾಡಬೇಕು ಅಲ್ವಾ.


ಸುರತ್ಕಲ್ ಸರ್ವಿಸ್:

ಅಕ್ಕ, ಮೊದಲು ನಿದ್ದೆ ಮಾಡಿ. ನಿಮ್ಮ ನೀರಿನಲ್ಲಿ ಆ ಚರಟ ಇರಲೇ ಇಲ್ಲ. ಅದು ಅವನ ಕಂಬಿಯಿಂದ ಬಂದದ್ದು.

ನಾನು ಫಿಲ್ಟರ್ ರಿಪೇರಿ ಕೆಲಸ ಮಾಡುವವನು, 14 ವರ್ಷ ಆಯಿತು. ಆ ಸಾಧನದಲ್ಲಿ ಒಂದು ಕಬ್ಬಿಣದ ಕಂಬಿ, ಒಂದು ಅಲ್ಯೂಮಿನಿಯಂ ಕಂಬಿ ಇರುತ್ತದೆ. ನೀರಿನಲ್ಲಿ ಸ್ವಲ್ಪ ಲವಣ ಇದ್ದರೆ ಕರೆಂಟ್ ಹರಿಯುತ್ತದೆ. ಕರೆಂಟ್ ಹರಿದರೆ ಕಬ್ಬಿಣ ಕರಗಿ ನೀರಿಗೆ ಬರುತ್ತದೆ, ತುಕ್ಕಾಗುತ್ತದೆ, ಅದೇ ಆ ಬಣ್ಣ. ಆರ್‌ಒ ನೀರಿನಲ್ಲಿ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಕರೆಂಟ್ ಹರಿಯುವುದಿಲ್ಲ, ಹಾಗಾಗಿ ತಿಳಿಯಾಗಿಯೇ ಉಳಿಯುತ್ತದೆ. ಅಷ್ಟೇ. ಅವನು ಮತ್ತೆ ಬಂದರೆ ಒಂದು ಕೆಲಸ ಮಾಡಿ, ಅವನದೇ ಆರ್‌ಒ ನೀರಿಗೆ ನಿಮ್ಮ ಅಡುಗೆಮನೆಯ ಉಪ್ಪು ಎರಡು ಚಿಟಿಕೆ ಹಾಕಿ ಕಲಸಿ, ಆಮೇಲೆ ಕಂಬಿ ಇಳಿಸಲು ಹೇಳಿ. ನಿಮ್ಮ ನಲ್ಲಿ ನೀರಿಗಿಂತ ಬೇಗ ಕಂದಾಗುತ್ತದೆ. ಒಳ್ಳೆಯ ಎಳನೀರಿಗೆ ಇಳಿಸಿದರೂ ಬಣ್ಣ ಬರುತ್ತದೆ. ಇದನ್ನು ತೋರಿಸಿ ಮನೆಯ ಹೆಂಗಸರನ್ನು, ಮಕ್ಕಳಿರುವವರನ್ನು ಹೆದರಿಸಿ ಮಾರುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅದೇ ಮನೆಗೆ ಎರಡು ವರ್ಷ ಬಿಟ್ಟು ಸರ್ವಿಸ್‌ಗೆ ಹೋಗುವವನು ನಾನು.

ಇನ್ನು ಆರ್‌ಒ ಬೇಕಾ ಅನ್ನುವ ಪ್ರಶ್ನೆ. ಆರ್‌ಒ ಇರುವುದು ನೀರಿನಲ್ಲಿ ಕರಗಿದ ಲವಣ ತೆಗೆಯಲಿಕ್ಕೆ. ಬೆಂಗಳೂರಿನ ಬೋರ್‌ವೆಲ್‌ಗೆ ಅದು ಸರಿ. ನಮ್ಮ ಕಡೆಯದು ಬೇರೆ ಕಥೆ. ಮಂಗಳೂರಿಗೆ ಬರುವುದು ತುಂಬೆ ಕಿಂಡಿ ಅಣೆಕಟ್ಟಿನಿಂದ ನೇತ್ರಾವತಿ ನೀರು, ಘಟ್ಟದ ಮಳೆ ನೀರು ಅದು, ಮೊದಲೇ ಮೆದು. ನಾನು ಮೀಟರ್ ಹಿಡಿದು ನೋಡಿದಲ್ಲೆಲ್ಲ ಟಿಡಿಎಸ್, ಅಂದರೆ ಒಂದು ಲೀಟರ್ ನೀರಿನಲ್ಲಿ ಕರಗಿದ ಲವಣದ ಮಿಲಿಗ್ರಾಂ ಲೆಕ್ಕ, 50ರಿಂದ 90ರ ಒಳಗೆ. ಕುಡಿಯುವ ನೀರಿಗೆ ಐಎಸ್ 10500 ಅಂತ ಮಾನದಂಡ ಉಂಟು. ಅದರಲ್ಲಿ 500 ಮಿಲಿಗ್ರಾಂ ತನಕ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000 ತನಕ ನಡೆಯುತ್ತದೆ ಅಂತ ಇದೆ. 60 ಇರುವ ನೀರನ್ನು 10ಕ್ಕೆ ಇಳಿಸಿ ಕುಡಿದು ಎಂತ ಸಿಗುತ್ತದೆ? ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು. ಕಾರಣ ನೀರು ಹಾಳಾಗುವುದು. ಮನೆಯ ಮೆಷಿನ್ ಒಂದು ಲೀಟರ್ ಕೊಡಲಿಕ್ಕೆ ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತದೆ. ದಿನಕ್ಕೆ 15 ಲೀಟರ್ ಬಳಸುವ ಮನೆಯಿಂದ 40 ಲೀಟರ್ ಹತ್ತಿರ ಸುಮ್ನೆ ಹೋಗುತ್ತದೆ. 2019ರಲ್ಲಿ, 2023ರಲ್ಲಿ ಮೇ ತಿಂಗಳಲ್ಲಿ ಇಲ್ಲಿ ರೇಷನಿಂಗ್ ಇತ್ತು, ನಿಮ್ಮ ಅತ್ತೆಗೆ ನೆನಪಿರಬಹುದು. ಆಗ ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ನೀರು ಕೂಡ ಆ ಸಣ್ಣ ಪೈಪಿನಲ್ಲಿ ಸಿಂಕಿಗೆ ಹೋಗುತ್ತಿತ್ತು.

ನಮ್ಮ ಊರಿನ ನೀರಿಗೆ ಭಯ ಇರುವುದು ಲವಣದ್ದಲ್ಲ. ರೋಗಾಣುವಿನದ್ದು, ಮಳೆಗಾಲದ ಕೆಸರಿನದ್ದು, ಕೆಲವು ಬೋರ್‌ವೆಲ್‌ಗಳಲ್ಲಿ ಕಬ್ಬಿಣದ್ದು. ಕೆಸರಿಗೆ ಒಂದು ಸೆಡಿಮೆಂಟ್ ಕ್ಯಾಂಡಲ್ ಬೇಕು. ಜೂನ್‌ನಲ್ಲಿ ಹೊಸ ಕ್ಯಾಂಡಲ್ ಹಾಕಿ ಎರಡು ವಾರಕ್ಕೆ ಬಿಚ್ಚಿ ನೋಡಿ, ಹಾಲಿನ ಹಾಗೆ ಬಿಳಿ ಇದ್ದದ್ದು ಮುರಕಲ್ಲಿನ ಕೆಂಪು ಬಣ್ಣಕ್ಕೆ ಬಂದಿರುತ್ತದೆ, ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಲೋಳೆ. ರೋಗಾಣುವಿಗೆ ಯುವಿ ಅಥವಾ ಯುಎಫ್, ಎರಡೂ ಇದ್ದರೆ ಇನ್ನೂ ಒಳ್ಳೆಯದು. ಯುವಿ ಅಂದರೆ ರೋಗಾಣು ಕೊಲ್ಲುವ ಬೆಳಕಿನ ಲ್ಯಾಂಪ್. ಯುಎಫ್ ಅಂದರೆ ತೀರಾ ಸಣ್ಣ ತೂತಿನ ಪೊರೆ, ಕರೆಂಟ್ ಬೇಡ, ಬ್ಯಾಕ್ಟೀರಿಯಾ ತಡೆಯುತ್ತದೆ. ವೈರಸ್‌ಗೆ ಅದೊಂದನ್ನೇ ನಂಬಬೇಡಿ, ಅಲ್ಲಿ ಯುವಿ ಬೇಕು. ಯುವಿಗೆ ನೀರು ತಿಳಿಯಾಗಿರಬೇಕು, ಕದಡಿದ ನೀರಿನಲ್ಲಿ ಬೆಳಕು ಒಳಗೆ ಹೋಗುವುದಿಲ್ಲ. ಲ್ಯಾಂಪ್ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು, ಯಾಕೆಂದರೆ ನೀಲಿ ಬೆಳಕು ಕಾಣುತ್ತಿರುತ್ತದೆ, ಅದರ ಶಕ್ತಿ ಇಳಿದಿರುತ್ತದೆ. ಇದನ್ನು ನಾನು ದಿನಕ್ಕೆ ನಾಲ್ಕು ಮನೆಯಲ್ಲಿ ಹೇಳುತ್ತೇನೆ.

ಇನ್ನೊಂದು. ಫಿಲ್ಟರ್ ಇದೆ ಅಂತ ಹತ್ತು ದಿನ ಊರಿಗೆ ಹೋಗಿ ಬಂದು ಅದೇ ಟ್ಯಾಂಕಿನ ನೀರು ಕುಡಿಯಬೇಡಿ. ಕಾರ್ಬನ್ ಕ್ಯಾಂಡಲ್ ಕ್ಲೋರಿನ್ ಪೂರ್ತಿ ತೆಗೆದುಬಿಡುತ್ತದೆ, ಆಮೇಲೆ ನಿಂತ ನೀರನ್ನು ಕಾಯುವವರು ಯಾರೂ ಇಲ್ಲ. ಎರಡು ಟ್ಯಾಂಕ್ ತುಂಬಿಸಿ ಗಿಡಕ್ಕೆ ಹಾಕಿ, ಮೂರನೆಯದು ಕುಡಿಯಿರಿ.


ಹಿರಿಯಡ್ಕದ ಬಾವಿಮನೆ:

ಸುರತ್ಕಲ್‌ನವರು ಹೇಳಿದ್ದು ನಿಜ, ಆದರೆ ಮೆಷಿನ್‌ಗಿಂತ ಮೊದಲು ಕುದಿಸುವುದರ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕಿತ್ತು. ನಿಮ್ಮ ಅತ್ತೆ ಸರಿಯಾಗಿಯೇ ಹೇಳಿದ್ದಾರೆ ತಂಗಿ.

ನಮ್ಮದು ಉಡುಪಿ ಕಡೆ. ಇಲ್ಲೇ ಬಜೆಯಲ್ಲಿ ಸ್ವರ್ಣಾ ನದಿಗೆ ಅಣೆಕಟ್ಟು, ಉಡುಪಿ ಪೇಟೆಗೆಲ್ಲ ಅದೇ ನೀರು. ನಮಗೆ ಮಾತ್ರ ಮನೆ ಬಾವಿ. ಮುರಕಲ್ಲು ಕೊರೆದು ತೆಗೆದ ಬಾವಿ, ನಲವತ್ತು ವರ್ಷದ್ದು, ಸಿಹಿ ನೀರು. ಮಾವನ ಕಾಲದಿಂದ ಯಾರೂ ಕುದಿಸಿ ಕುಡಿದದ್ದೇ ಇಲ್ಲ. ಕೊಡಪಾನದಿಂದ ಲೋಟಕ್ಕೆ, ಲೋಟದಿಂದ ಬಾಯಿಗೆ. ಬಾವಿ ನೀರು ಅಂದರೆ ಅಷ್ಟು ನಂಬಿಕೆ.

ಮೂರು ವರ್ಷದ ಹಿಂದೆ ಆಟಿ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ, ಮಗಳಿಗೆ ಜ್ವರ ಬಂತು. ಊಟ ಬೇಡ ಅಂದಳು, ಮೀನು ಹುರಿದ ವಾಸನೆಗೆ ವಾಂತಿ ಮಾಡಿದಳು. ಐದನೇ ದಿನ ಬೆಳಿಗ್ಗೆ ತಲೆ ಬಾಚುವಾಗ ಕಿಟಕಿಯ ಬೆಳಕಿಗೆ ಅವಳ ಮುಖ ತಿರುಗಿಸಿದೆ, ಕಣ್ಣಿನ ಬಿಳಿ ಭಾಗ ಅರಿಶಿನ ಅರಿಶಿನ. ಜಾಂಡೀಸ್. ಹೆಪಟೈಟಿಸ್ ಎ ಅಂದರು. ಎರಡು ತಿಂಗಳು ಶಾಲೆ ಇಲ್ಲ. ನೀರಿನಿಂದ ಬರುವ ಕಾಯಿಲೆ, ಕುಡಿದ ನೀರಿಗೂ ಕಾಯಿಲೆ ಕಾಣಿಸುವುದಕ್ಕೂ ಸುಮಾರು ಒಂದು ತಿಂಗಳ ಅಂತರ ಇರುತ್ತದೆ, ಹಾಗಾಗಿ ಯಾವ ನೀರು ಅಂತ ಗೊತ್ತೇ ಆಗುವುದಿಲ್ಲ ಅಂತ ಡಾಕ್ಟರ್ ಹೇಳಿದರು. ನಾನು ಶಾಲೆಯ ನೀರಿರಬೇಕು, ಜಾತ್ರೆಯ ಶರಬತ್ತಿರಬೇಕು ಅಂತ ಎಲ್ಲಾ ಯೋಚಿಸಿದೆ. ನಮ್ಮ ಬಾವಿ ಅಂತ ಮಾತ್ರ ತಲೆಗೆ ಬರಲಿಲ್ಲ. ಆಶಾ ಕಾರ್ಯಕರ್ತೆ ಬಂದು ಒಂದು ಸಣ್ಣ ಬಾಟಲಿಯಲ್ಲಿ ಬಾವಿ ನೀರು ತುಂಬಿಸಿ ನಮ್ಮಲ್ಲೇ ಇಟ್ಟು ಹೋದರು, ಕಪ್ಪಾದರೆ ನೀರು ಕೆಟ್ಟಿದೆ ಅಂತ ಲೆಕ್ಕ. ಮರುದಿನ ಸಂಜೆ ನೋಡಿದರೆ ಡಾಂಬರಿನ ಹಾಗೆ ಕಪ್ಪು. ನಾನು ಆ ಬಾಟಲಿ ಹಿಡಿದು ಬಾವಿಕಟ್ಟೆ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ.

ಆಮೇಲೆ ನೋಡಿದರೆ ಮೇಲಿನ ಜಾಗದಲ್ಲಿ ಹೊಸ ಮನೆ ಆಗಿತ್ತು, ಅವರ ಪಾಯಿಖಾನೆ ಗುಂಡಿ ನಮ್ಮ ಬಾವಿಗೆ ಹತ್ತು ಹೆಜ್ಜೆ ದೂರ. ಮುರಕಲ್ಲು ಅಂದರೆ ತೂತು ತೂತು ಕಲ್ಲು, ಮಳೆಗಾಲದಲ್ಲಿ ಅದರೊಳಗೆ ನೀರು ಹೇಗೆ ಹರಿಯುತ್ತದೆ ಅಂತ ಬಾವಿ ತೋಡಿದವರಿಗೆ ಗೊತ್ತು. ಈಗ ನೆರೆಯವರು ಗುಂಡಿ ಆಚೆ ಬದಿಗೆ ಮಾಡಿಸಿದ್ದಾರೆ, ಒಳ್ಳೆಯ ಜನ, ಹೇಳಿದ ಕೂಡಲೇ ಒಪ್ಪಿದರು. ನಾವು ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ, ನೀರು ತಳ ಹಿಡಿದಿರುವಾಗ ಕೆಸರು ತೆಗೆಸುತ್ತೇವೆ. ಮಳೆ ಶುರುವಾಗಿ ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಲೆಕ್ಕ 1000 ಲೀಟರಿಗೆ ಎರಡೂವರೆ ಗ್ರಾಂ. ನಮ್ಮ ಬಾವಿ ಎರಡು ಮೀಟರ್ ಅಗಲ, ಆಗ ಮೂರು ಮೀಟರ್ ನೀರು ಇರುತ್ತದೆ, ಅಂದರೆ 9,400 ಲೀಟರ್ ಹತ್ತಿರ, 24 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಸುಣ್ಣದ ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಕೊಡಕ್ಕೆ ಹಾಕಿ, ಕೊಡವನ್ನು ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸುವುದು. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು.

ಇಷ್ಟಾದರೂ ಕುದಿಸದೆ ಕುಡಿಯುವುದಿಲ್ಲ. ಕುದಿಸುವುದು ಅಂದರೆ ಬೆಚ್ಚಗೆ ಮಾಡುವುದಲ್ಲ, ದೊಡ್ಡ ಗುಳ್ಳೆ ಕೊತಕೊತ ಎದ್ದ ಮೇಲೆ ಒಂದು ನಿಮಿಷ ಬಿಡಬೇಕು. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಬೇಕು. ಕುದಿಸಿ ಆರಿಸಿ ಆಮೇಲೆ ಬೇಗ ತಣ್ಣಗಾಗಲಿ ಅಂತ ಹಸಿ ನೀರು ಬೆರೆಸುವವರನ್ನು ನಾನು ಮದುವೆ ಮನೆಯಲ್ಲಿ ನೋಡಿದ್ದೇನೆ, ಅದು ಕುದಿಸದ ನೀರಿಗೆ ಸಮ. ಒಂದು ಹಿಡಿ ಜೀರಿಗೆ ಹಾಕಿದರೆ ಮಕ್ಕಳು ಕುಡಿಯುತ್ತಾರೆ.


ಕೊಟ್ಟಾರ ಕ್ರಾಸ್:

ನಾವು ಆರು ವರ್ಷದಿಂದ ಕ್ಯಾನ್. ವಾರಕ್ಕೆ ಮೂರು. ನಿಮ್ಮ 70ರ ಲೆಕ್ಕದಲ್ಲಿ ವರ್ಷಕ್ಕೆ 10,900 ಆಗುತ್ತದೆ, ಅದು ನೆನಪಿರಲಿ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಕುದಿಸಿ ಆರಿಸುವುದಕ್ಕೆ ಪುರುಸೊತ್ತಿಲ್ಲ ಅಂತ ಶುರು ಮಾಡಿದ್ದು. ಕ್ಯಾನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಕ್ಯಾನ್ ಅಂದ ಕೂಡಲೇ ಶುದ್ಧ ಅಂದುಕೊಳ್ಳಬೇಡಿ.

ಒಂದು ಸಲ ಖಾಲಿ ಕ್ಯಾನ್ ಬಾಲ್ಕನಿಯಲ್ಲಿಟ್ಟಿದ್ದೆ. ಸಂಜೆ ಬಿಸಿಲು ಓರೆಯಾಗಿ ಅದರ ಮೇಲೆ ಬಿತ್ತು. ಕುತ್ತಿಗೆಯ ಕೆಳಗೆ, ಒಳಗಿನ ಮಡಿಕೆಯಲ್ಲಿ ತೆಳು ಹಸಿರು ಗೆರೆ. ಉಗುರು ಹಾಕಲು ಆಗುವುದಿಲ್ಲ ಅಲ್ಲಿ, ಬ್ರಷ್ ಹಾಕಿ ತಿಕ್ಕಿದೆ, ಪಾಚಿ ಬಂತು. ತಿಂಗಳುಗಟ್ಟಲೆ ನಾವು ಅದರದೇ ನೀರು ಕುಡಿದದ್ದು. ಕ್ಯಾನ್ ಒಂದೇ ಆದರೂ ಅದು ನೂರು ಮನೆ ಸುತ್ತುತ್ತದೆ, ಯಾರೋ ಅದರಲ್ಲಿ ಪೆಟ್ರೋಲ್ ಹಾಕಿಟ್ಟಿದ್ದರೂ ನಮಗೆ ಗೊತ್ತಾಗುವುದಿಲ್ಲ. ಕಂಪನಿಯವರಿಗೆ ಫೋನ್ ಮಾಡಿದರೆ "ಬದಲಿಸಿ ಕೊಡುತ್ತೇವೆ" ಅಂದರು, ಅಷ್ಟೇ.

ಆಮೇಲೆ ನಾನು ನೋಡಿ ತೆಗೆದುಕೊಳ್ಳುತ್ತೇನೆ. ಮುಚ್ಚಳದ ಸೀಲ್ ಗಟ್ಟಿ ಇರಬೇಕು, ತಯಾರಾದ ತಾರೀಖು ಇರಬೇಕು, ಆಹಾರ ಸುರಕ್ಷತೆಯವರ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು, ಪ್ಯಾಕ್ ಮಾಡಿದ ಕುಡಿಯುವ ನೀರಿನ ಮಾನದಂಡ ಐಎಸ್ 14543 ಅಂತ ಇದ್ದರೆ ಇನ್ನೂ ಒಳ್ಳೆಯದು. ಎಲ್ಲರೂ ಮಿನರಲ್ ವಾಟರ್ ಅನ್ನುತ್ತೇವೆ, ಆದರೆ ನಿಜವಾದ ಮಿನರಲ್ ವಾಟರಿಗೆ ಬೇರೆಯೇ ಮಾನದಂಡ, ಐಎಸ್ 13428. ಕ್ಯಾನಿನಲ್ಲಿ ಬರುವುದು ಹೆಚ್ಚಾಗಿ ಯಾವುದೋ ಬೋರ್‌ವೆಲ್ ನೀರನ್ನು ಆರ್‌ಒ ಮಾಡಿ ತುಂಬಿಸಿದ್ದು. ಬಿಸಿಲಲ್ಲಿ ತೆರೆದ ಗಾಡಿಯಲ್ಲಿ ಬಂದ ಕ್ಯಾನ್ ವಾಪಸ್ ಕಳಿಸುತ್ತೇನೆ. ಡಿಸ್ಪೆನ್ಸರಿನ ನಲ್ಲಿ ಬಿಚ್ಚಿ ವಾರಕ್ಕೊಮ್ಮೆ ಬಿಸಿನೀರಲ್ಲಿ ತೊಳೆಯುತ್ತೇನೆ. ಇಷ್ಟು ಕೆಲಸ ಮಾಡುವುದಾದರೆ ಕುದಿಸುವುದೇ ಸುಲಭವಿತ್ತಾ ಅಂತ ಈಗೀಗ ಅನಿಸುತ್ತಿದೆ.


ಉಳ್ಳಾಲದವ:

ಎಲ್ಲರೂ ಆರ್‌ಒ ಬೇಡ ಅನ್ನುತ್ತಿದ್ದೀರಿ, ಮಾರಾಯ್ರೆ, ಒಂದು ಸಲ ಕಡಲ ಬದಿಗೆ ಬಂದು ನೋಡಿ.

ನಮ್ಮ ಮನೆಯಿಂದ ಸಮುದ್ರದ ಸದ್ದು ಕೇಳುತ್ತದೆ. ಮಳೆಗಾಲದಲ್ಲಿ ಬಾವಿ ನೀರು ಸಕ್ಕರೆ. ಫೆಬ್ರವರಿ ಕಳೆದ ಮೇಲೆ ನೀರಿನ ಮಟ್ಟ ಇಳಿದ ಹಾಗೆ ಉಪ್ಪು ಒಳಗೆ ಬರುತ್ತದೆ. ಏಪ್ರಿಲ್ ಕೊನೆಗೆ ಚಹಾ ಮಾಡಿದರೆ ಹಾಲು ಒಡೆದ ಹಾಗೆ ರುಚಿ, ಗಂಜಿಗೆ ಉಪ್ಪು ಹಾಕುವುದೇ ಬೇಡ. ಕಳೆದ ವರ್ಷ ಮೇಯಲ್ಲಿ ಮೀಟರ್ 1,340 ತೋರಿಸಿತು. ಕುದಿಸಿದರೆ ಉಪ್ಪು ಹೋಗುತ್ತದಾ? ಇಲ್ಲ. ನೀರು ಆವಿಯಾಗಿ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ಯುವಿಯಿಂದಲೂ ಹೋಗುವುದಿಲ್ಲ. ನಮಗೆ ಆರ್‌ಒ ಬೇಕೇ ಬೇಕು. ಅಮ್ಮನಿಗೆ ಬಿಪಿ ಬೇರೆ ಉಂಟು.

ಹಾಗಂತ ವರ್ಷ ಪೂರ್ತಿ ಬಳಸುವುದಿಲ್ಲ. ಜೂನ್‌ನಿಂದ ಜನವರಿ ತನಕ ಆರ್‌ಒ ಭಾಗ ಬೈಪಾಸ್ ಮಾಡಿಸಿದ್ದೇನೆ, ಬರೀ ಯುವಿ ಓಡುತ್ತದೆ. ಚರಂಡಿಗೆ ಹೋಗುವ ಪೈಪನ್ನು ಒಂದು ಡ್ರಮ್ಮಿಗೆ ಬಿಟ್ಟಿದ್ದೇನೆ, ಪಾಯಿಖಾನೆಗೆ, ಅಂಗಳ ತೊಳೆಯಲಿಕ್ಕೆ ಆಗುತ್ತದೆ. ತೆಂಗಿಗೆ ಹಾಕಬಹುದು, ಮಲ್ಲಿಗೆ ಗಿಡಕ್ಕೆ ಹಾಕಿದರೆ ಎಲೆ ಸುಡುತ್ತದೆ, ನಾನು ಎರಡು ಗಿಡ ಕಳೆದುಕೊಂಡಿದ್ದೇನೆ.


ಸುರತ್ಕಲ್ ಸರ್ವಿಸ್:

ಉಳ್ಳಾಲದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅದನ್ನು ಬಿಟ್ಟದ್ದು ತಪ್ಪು. ಸೋಮೇಶ್ವರ, ಉಳ್ಳಾಲ, ಸಸಿಹಿತ್ಲು, ಹೊಳೆ ಸಮುದ್ರ ಸೇರುವ ಕಡೆಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಬರುತ್ತದೆ, ಅಲ್ಲಿ ಆರ್‌ಒ ಹಾಕಿಸಬೇಕು. ಬೈಪಾಸ್ ಮಾಡಿದಾಗ ಪೊರೆ ಒಣಗದ ಹಾಗೆ ನೋಡಿಕೊಳ್ಳಿ, ಫೆಬ್ರವರಿಯಲ್ಲಿ ಮತ್ತೆ ಶುರು ಮಾಡುವಾಗ ಮೊದಲ ದಿನದ ನೀರು ಚೆಲ್ಲಿ.

ಬಿಜೈ ಅಕ್ಕ, ನಿಮ್ಮದು ಬೋರ್ ಮಿಶ್ರ ಆಗುವ ಸಂಪ್. ಅದಕ್ಕೆ ಕಬ್ಬಿಣ ಉಂಟಾ ಅಂತ ಮನೆಯಲ್ಲೇ ಸ್ವಲ್ಪ ಅಂದಾಜು ಮಾಡಬಹುದು. ಬೋರ್ ಬಿಟ್ಟ ದಿನ ಒಂದು ಬಿಳಿ ಬಕೆಟಿನಲ್ಲಿ ನೀರು ಹಿಡಿದಿಡಿ. ಹಿಡಿದಾಗ ತಿಳಿ ಇದ್ದು, ಒಂದೆರಡು ಗಂಟೆಯಲ್ಲಿ ಹಳದಿಯಾಗಿ ಮೇಲೆ ಎಣ್ಣೆಯ ಹಾಗೆ ಪೊರೆ ಕಂಡರೆ ಕಬ್ಬಿಣ. ಹಾಲಿಲ್ಲದ ಚಹಾಕ್ಕೆ ಆ ನೀರು ಸೇರಿಸಿದರೆ ಮಸಿ ಹಾಗೆ ಕಪ್ಪಾಗುತ್ತದೆ. ಇದಕ್ಕೂ ಆರ್‌ಒ ಬೇಡ, ಬಿಲ್ಡಿಂಗಿಗೇ ಒಂದು ಕಬ್ಬಿಣ ತೆಗೆಯುವ ಫಿಲ್ಟರ್ ಹಾಕಿಸಿದರೆ ಬಟ್ಟೆಯೂ ಹಳದಿಯಾಗುವುದಿಲ್ಲ.


ಬಿಜೈಯ ಅಮ್ಮ:

ಇಷ್ಟೊಂದು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಕಣ್ಣು ತುಂಬಿ ಬಂತು. ಹಿರಿಯಡ್ಕದ ಅಕ್ಕ, ಮಗಳು ಈಗ ಹೇಗಿದ್ದಾಳೆ?

ಒಂದು ಟಿಡಿಎಸ್ ಮೀಟರ್ ತರಿಸಿದೆ. ರಸ್ತೆ ಬದಿಯ ಪಾಲಿಕೆ ಲೈನಿನ ನೀರು 62. ನಮ್ಮ ಅಡುಗೆಮನೆ ನಲ್ಲಿ 138. ಅಂದರೆ ನೀರು ಒಳ್ಳೆಯದು ಅಂತ ಅರ್ಥ ಅಲ್ವಾ? ಆರ್‌ಒ ಬೇಡ ಅಂತ ಗಂಡನೂ ಒಪ್ಪಿದರು. ಬಕೆಟ್ ಪರೀಕ್ಷೆಯನ್ನೂ ಮಾಡಿದೆ, ಸಂಜೆವರೆಗೆ ಸ್ವಲ್ಪ ಹಳದಿ, ಪೊರೆ ಇಲ್ಲ.


ಲ್ಯಾಬ್ ಕೆಲಸದವಳು:

ಅಲ್ಲ, ಅಲ್ಲೇ ತಪ್ಪಾಗುವುದು. ಅದಕ್ಕೇ ಬರೆಯಲು ಕೂತೆ.

ಟಿಡಿಎಸ್ ಮೀಟರಿಗೆ ರೋಗಾಣು ಕಾಣುವುದಿಲ್ಲ. ಅದು ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ, ಅದನ್ನೇ ಲವಣದ ಲೆಕ್ಕಕ್ಕೆ ತಿರುಗಿಸಿ ತೋರಿಸುತ್ತದೆ. ಒಳ್ಳೆಯ ಮಳೆ ನೀರಿಗೆ ಒಂದು ಚಮಚ ಚರಂಡಿ ನೀರು ಹಾಕಿ ಮೀಟರ್ ಹಿಡಿಯಿರಿ, 40 ಅಂತಲೇ ತೋರಿಸುತ್ತದೆ, ಕುಡಿದವರು ಆಸ್ಪತ್ರೆಯಲ್ಲಿ. ಕಡಿಮೆ ಟಿಡಿಎಸ್ ಅಂದರೆ ಆರ್‌ಒ ಬೇಡ ಅಂತ ಮಾತ್ರ ಅರ್ಥ. ಕುಡಿಯಬಹುದು ಅಂತ ಅರ್ಥ ಅಲ್ಲ. ಹಿರಿಯಡ್ಕದ ಅಕ್ಕನ ಬಾವಿ ನೀರಿಗೆ ಮೀಟರ್ ಹಿಡಿದಿದ್ದರೆ ಆಟಿಯಲ್ಲೂ ಚಂದದ ಅಂಕಿಯೇ ಬರುತ್ತಿತ್ತು.

ನೀವು ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ. 100 ಮಿಲಿ ನೀರಿನಲ್ಲಿ ಇ. ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು, ಅದು ನಿಯಮ. ಅದರ ಜೊತೆ ಪಿಎಚ್, ಕಬ್ಬಿಣ, ನೈಟ್ರೇಟ್, ಕದಡು ಇಷ್ಟು ನೋಡಿಸಿದರೆ ಸಾಕು. ನಮ್ಮ ಕರಾವಳಿಯ ಬಾವಿ, ಬೋರ್‌ಗಳಲ್ಲಿ ಪಿಎಚ್ 6.5ಕ್ಕಿಂತ ಕಡಿಮೆ ಬರುವುದು ತುಂಬಾ ಸಾಮಾನ್ಯ, ಮಣ್ಣೇ ಹಾಗೆ, ಹುಳಿ ನೀರು. ಅದನ್ನು ನೋಡಿ ಹೆದರಬೇಡಿ, ಪೈಪು ಬೇಗ ಸವೆಯುತ್ತದೆ ಅನ್ನುವುದೇ ಅದರ ಮುಖ್ಯ ತೊಂದರೆ. ಜಿಲ್ಲಾ ಆರೋಗ್ಯ ಇಲಾಖೆಯ ಲ್ಯಾಬ್ ಉಂಟು, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್ ಉಂಟು, ಎನ್‌ಎಬಿಎಲ್ ಮಾನ್ಯತೆಯ ಖಾಸಗಿ ಲ್ಯಾಬ್‌ಗಳೂ ಉಂಟು. ಯಾವುದಾದರೂ ಆಗಬಹುದು.

ನೀರು ಹಿಡಿಯುವುದರಲ್ಲೇ ಅರ್ಧ ಜನ ತಪ್ಪುತ್ತಾರೆ. ಮನೆಯ ತಂಪು ಪಾನೀಯದ ಬಾಟಲಿ ತೊಳೆದು ತುಂಬಿಸಿ ತರುತ್ತಾರೆ, ಅದರಲ್ಲಿ ಬರುವುದು ಬಾಟಲಿಯ ರಿಪೋರ್ಟ್. ಲ್ಯಾಬಿನಿಂದ ಸ್ಟೆರೈಲ್ ಬಾಟಲಿ ಕೇಳಿ ತೆಗೆದುಕೊಂಡು ಹೋಗಿ. ಒಳಗೆ ಸ್ವಲ್ಪ ಪುಡಿ ಅಥವಾ ಒಂದು ಹನಿ ಇದ್ದರೆ ತೊಳೆಯಬೇಡಿ, ಅದು ಕ್ಲೋರಿನ್ ನಿಲ್ಲಿಸಲಿಕ್ಕೆ ನಾವೇ ಹಾಕಿದ್ದು. ನಲ್ಲಿಯ ಜಾಲರಿ ಬಿಚ್ಚಿ, ಬಾಯಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಆಮೇಲೆ ಹಿಡಿಯಿರಿ. ಮುಚ್ಚಳದ ಒಳಬದಿಗೆ ಬೆರಳು ತಾಗಿಸಬೇಡಿ. ಐಸ್ ಹಾಕಿದ ಡಬ್ಬದಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ.

ಮುಖ್ಯ ವಿಷಯ, ಎರಡು ಕಡೆಯಿಂದ ಹಿಡಿಯಿರಿ. ಒಂದು ಪಾಲಿಕೆ ಲೈನ್ ಸಂಪ್‌ಗೆ ಬೀಳುವ ಮೊದಲು. ಇನ್ನೊಂದು ನಿಮ್ಮ ಅಡುಗೆಮನೆ. ತುಂಬೆಯಿಂದ ಬರುವ ನೀರು ಶುದ್ಧೀಕರಿಸಿ ಕ್ಲೋರಿನ್ ಹಾಕಿಯೇ ಬರುತ್ತದೆ, ಮನೆ ತಲುಪುವಾಗ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಆ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವವರೇ ಜಾಸ್ತಿ, ಆದರೆ ಅದು ನಿಮ್ಮನ್ನು ಕಾಯುವ ವಾಸನೆ. ತೆರೆದ ಪಾತ್ರೆಯಲ್ಲಿಟ್ಟರೆ ನಿಧಾನಕ್ಕೆ ಕಡಿಮೆಯಾಗುತ್ತದೆ. ಅಲ್ಲಿಂದ ಮುಂದೆ ನೀರು ಕೆಡುವುದು ಹೆಚ್ಚಾಗಿ ನಮ್ಮದೇ ಸಂಪ್, ನಮ್ಮದೇ ಟ್ಯಾಂಕಿಯಲ್ಲಿ. ಪಾಲಿಕೆಗೆ ಬೈಯುವ ಮೊದಲು ಸಂಪ್‌ನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ.


ಹಿರಿಯಡ್ಕದ ಬಾವಿಮನೆ:

ಮಗಳು ಆರಾಮ ಇದ್ದಾಳೆ ತಂಗಿ, ಈಗ ಏಳನೇ ಕ್ಲಾಸು. ನೀರಿನ ಬಾಟಲಿ ಮರೆತು ಹೋದರೆ ಬಾಯಾರಿದರೂ ಬೇರೆ ನೀರು ಕುಡಿಯುವುದಿಲ್ಲ. ಲ್ಯಾಬಿನ ತಂಗಿ ಹೇಳಿದ ಹಾಗೆ ಮಾಡಿ, ತಡ ಮಾಡಬೇಡಿ.


ಬಿಜೈಯ ಅಮ್ಮ:

ಎಂಟು ದಿನ ಆಯಿತು, ರಿಪೋರ್ಟ್ ಬಂತು. ಪಾಲಿಕೆ ಲೈನಿನ ನೀರಿನಲ್ಲಿ ಏನೂ ಇಲ್ಲ, ಶುದ್ಧ. ಅಡುಗೆಮನೆ ನಲ್ಲಿಯಲ್ಲಿ ಇ. ಕೋಲಿ ಇದೆ. ಕಬ್ಬಿಣ 0.4, ಪಿಎಚ್ 6.7, ಉಳಿದದ್ದೆಲ್ಲ ಸರಿ.

ರಿಪೋರ್ಟ್ ಹಿಡಿದುಕೊಂಡು ಅಸೋಸಿಯೇಷನ್‌ನವರ ಹತ್ತಿರ ಹೋದೆ. ವಾಚ್‌ಮನ್ ಸಂಪ್‌ನ ಮುಚ್ಚಳ ಎತ್ತಿದರು. ಮುಚ್ಚಳ ಪಾರ್ಕಿಂಗ್ ನೆಲಕ್ಕೆ ಸಮ ಇದೆ, ಪಕ್ಕದಲ್ಲೇ ಕಾರು ತೊಳೆಯುತ್ತಾರೆ. ಅಂಚಿನಲ್ಲಿ ಸಿಮೆಂಟ್ ಬಿರುಕು ಬಿಟ್ಟು ಒಂದು ಬೆರಳು ಹೋಗುವಷ್ಟು ಸಂದು, ಅದರಿಂದ ಕಪ್ಪು ನೀರು ಇಳಿದ ಗೆರೆ ಒಳಗಿನ ಗೋಡೆಯ ಮೇಲೆ ಉದ್ದಕ್ಕೆ ಇತ್ತು. ತಳದಲ್ಲಿ ಕೆಸರು, ಸತ್ತ ಜಿರಳೆ. 32 ಮನೆಯವರು ಅದರಿಂದಲೇ ನೀರು ಕುಡಿಯುವುದು. ಮೊದಲು ಗೊಣಗುತ್ತಿದ್ದ ಅಧ್ಯಕ್ಷರು ಟಾರ್ಚ್ ಬೆಳಕಲ್ಲಿ ನೋಡಿ ಸುಮ್ಮನಾದರು, ಅವರ ಮನೆಯಲ್ಲೂ ಸಣ್ಣ ಮೊಮ್ಮಗ ಇದ್ದಾನೆ.

ಸೇಲ್ಸ್ ಹುಡುಗ ಮತ್ತೆ ಬಂದಿದ್ದ. ಅವನ ಬಾಟಲಿಯ ನೀರಿಗೆ ಉಪ್ಪು ಹಾಕಿ ಕಂಬಿ ಇಳಿಸಲು ಹೇಳಿದೆ. ಸ್ವಿಚ್ ಹಾಕಿದ ಕೂಡಲೇ ಕಂದಾಯಿತು. ಅವನಿಗೇ ಇದು ಗೊತ್ತಿರಲಿಲ್ಲ ಅನಿಸುತ್ತದೆ, ಪಾಪ, ಲೋಟವನ್ನೇ ನೋಡುತ್ತಾ ನಿಂತ. ಕಂಪನಿಯವರು ಹೀಗೆ ತೋರಿಸಿ ಅಂತ ಕಲಿಸಿದ್ದಾರಂತೆ. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು.

ಯುವಿ, ಯುಎಫ್ ಇರುವ ಸಣ್ಣ ಫಿಲ್ಟರ್ ತೆಗೆದುಕೊಳ್ಳುತ್ತೇವೆ, ಮೊದಲು ಸೆಡಿಮೆಂಟ್ ಮತ್ತು ಕಾರ್ಬನ್. ಸುರತ್ಕಲ್‌ನವರು ಮಾಡೆಲ್ ನೋಡಿ ಹೇಳಿದರೆ ಉಪಕಾರ. ಅಲ್ಲಿಯವರೆಗೆ ಅತ್ತೆ ದಿನಾ ಎರಡು ಪಾತ್ರೆ ಕುದಿಸುತ್ತಿದ್ದಾರೆ, ಜೀರಿಗೆ ಹಾಕಿ. ಶನಿವಾರ ಸಂಪ್ ತೊಳೆಯುವವರು ಬರುತ್ತಾರೆ, ಬಾಯಿಯನ್ನು ಅರ್ಧ ಅಡಿ ಎತ್ತರಿಸಿ ಕಟ್ಟಿಸಲು ಒಪ್ಪಿದ್ದಾರೆ, ಕಾರು ತೊಳೆಯುವುದು ಇನ್ನು ಗೇಟಿನ ಹತ್ತಿರ. ತೊಳೆದ ಹದಿನೈದು ದಿನಕ್ಕೆ ಮತ್ತೆ ಎರಡು ಬಾಟಲಿ ಕೊಡುತ್ತೇನೆ. ರಿಪೋರ್ಟ್ ಬಂದ ದಿನವೇ ಇಲ್ಲಿ ಬರೆಯುತ್ತೇನೆ.